ಮಾಲೆ ತೆಗೆದ ಮರುದಿನ: ತೂಕ ಇಳಿಸಲು ಮನಸ್ಸೇ ಬಾರದ ಒಬ್ಬರ ಪ್ರಕರಣ

ಈ ಪ್ರಕರಣದಲ್ಲಿ ಬರುವವರು ಬೆಂಗಳೂರಿನ ಪಶ್ಚಿಮ ಭಾಗದ ಹಳೇ ಬಡಾವಣೆಯೊಂದರಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತಾರೆ. ಇಲ್ಲಿ ಅವರನ್ನು ‘ಅಂಗಡಿಯವರು’ ಎಂದೇ ಕರೆಯುತ್ತೇನೆ. ಗುರುತು ಸಿಗದ ಹಾಗೆ ವಯಸ್ಸು, ಮನೆಯ ವಿವರ, ಕೆಲವು ತಿಂಗಳುಗಳ ಲೆಕ್ಕ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. “ಬರೀರಿ ಮೇಡಂ, ಅಂಗಡಿ ಹೆಸರು ಮಾತ್ರ ಬೇಡ, ಗಿರಾಕಿಗಳು ನಗ್ತಾರೆ” ಅಂದಿದ್ದರು. ನಾನು ಒಬ್ಬ ಫಿಸಿಷಿಯನ್ ಜೊತೆ ಆಹಾರ ಮತ್ತು ದಿನಚರಿಯ ಸಲಹೆಗಾರ್ತಿಯಾಗಿ ಕೆಲಸ ಮಾಡುತ್ತೇನೆ.

ತೂಕ ಇಳಿಸಲು ಬರುವವರಿಗೆ ನಾವು ಮೊದಲು ಮಾಹಿತಿ ಕೊಡುತ್ತೇವೆ. ಯಾವುದರಲ್ಲಿ ಎಷ್ಟು ಕ್ಯಾಲೊರಿ, ಎಷ್ಟು ಹೊತ್ತು ನಡೆಯಬೇಕು, ಹೀಗೆ. ಈ ಮನುಷ್ಯನಿಗೆ ಅದೆಲ್ಲ ನನ್ನಷ್ಟೇ ಗೊತ್ತಿತ್ತು. ಕೊರತೆ ಬೇರೆ ಕಡೆ ಇತ್ತು. ಅದಕ್ಕೇ ಈ ಪ್ರಕರಣ ಆರಿಸಿಕೊಂಡೆ.

ಹಿನ್ನೆಲೆ

ಅಂಗಡಿಯವರಿಗೆ 46 ವರ್ಷ. ಎತ್ತರ 168 ಸೆಂಟಿಮೀಟರ್. ಫೆಬ್ರವರಿಯಲ್ಲಿ ಮೊದಲ ಸಲ ಬಂದಾಗ ತೂಕ 88 ಕೆಜಿ, ಅಂದರೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 31. ಭಾರತೀಯರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಎಂಬ ಲೆಕ್ಕ. ಅಷ್ಟೇ ತೂಕದ ಯುರೋಪಿನವರಿಗಿಂತ ನಮ್ಮವರಲ್ಲಿ ಕೊಬ್ಬಿನ ಪಾಲು ಜಾಸ್ತಿ, ಅದರಲ್ಲೂ ಹೊಟ್ಟೆಯ ಭಾಗದಲ್ಲಿ. ಇವರ ಸೊಂಟದ ಸುತ್ತಳತೆ 106 ಸೆಂಟಿಮೀಟರ್ ಇತ್ತು. ನಮ್ಮ ಗಂಡಸರಿಗೆ ಹಾಕಿರುವ ಗೆರೆ 90. ರಕ್ತದೊತ್ತಡ 138/88.

ಅವರ ದಿನ ಹೀಗಿತ್ತು. ಬೆಳಿಗ್ಗೆ ಎಂಟೂವರೆಗೆ ಸ್ಕೂಟರ್ ಹತ್ತಿ ಅಂಗಡಿಗೆ. ಶಟರ್ ಎತ್ತಿದರೆ ರಾತ್ರಿ ಹತ್ತರವರೆಗೆ ಕೌಂಟರ್ ಹಿಂದಿನ ಎತ್ತರದ ಸ್ಟೂಲು. ಮಧ್ಯಾಹ್ನದ ಊಟ ಕ್ಯಾರಿಯರ್‌ನಲ್ಲಿ ಬರುತ್ತಿತ್ತು, ತಿನ್ನುವಾಗ ಮೂರು ಗಂಟೆ. ಸಂಜೆ ಐದಕ್ಕೆ ಪಕ್ಕದ ದರ್ಶಿನಿಯಿಂದ ಬೋಂಡಾ, ಇಲ್ಲಾಂದ್ರೆ ಮಂಗಳೂರು ಬಜ್ಜಿ, ಜೊತೆಗೆ ಎರಡು ಕಾಫಿ. ಆರರಿಂದ ಒಂಬತ್ತು ಸುತ್ತಲಿನ ಕ್ಲಿನಿಕ್‌ಗಳ ಹೊತ್ತು, ಚೀಟಿ ಹಿಡಿದ ಗಿರಾಕಿಗಳ ಸಾಲು. ಮನೆಗೆ ಹೋಗಿ ಹನ್ನೊಂದಕ್ಕೆ ಹೊಟ್ಟೆ ತುಂಬ ಊಟ, ಹನ್ನೆರಡೂವರೆಗೆ ನಿದ್ದೆ. ಮೇಲಿನ ಅಟ್ಟದಲ್ಲಿ ಸ್ಟಾಕ್ ಇದೆ, ಏಣಿ ಹತ್ತಲು ಹುಡುಗ ಇದ್ದಾನೆ.

ತಂದೆಗೆ ಸಕ್ಕರೆ ಕಾಯಿಲೆ ಇತ್ತು. ಕೊನೆಗೆ ಕಿಡ್ನಿ ಹೋಗಿ ವರ್ಷಗಟ್ಟಲೆ ಡಯಾಲಿಸಿಸ್. ಕರೆದುಕೊಂಡು ಹೋಗಿ ಬರುತ್ತಿದ್ದವರು ಇವರೇ. ಹಾಗಾಗಿ ಭಯ ಹುಟ್ಟಿಸಲು ನಾವು ಹೊಸದಾಗಿ ಹೇಳುವಂಥದ್ದು ಏನೂ ಉಳಿದಿರಲಿಲ್ಲ.

ಸಮಸ್ಯೆ

ಅಪಾಯಿಂಟ್‌ಮೆಂಟ್ ಮಾಡಿಸಿದ್ದು ಹೆಂಡತಿ. ಮಾತು ಶುರು ಮಾಡಿದ್ದೂ ಅವರೇ. “ರೀ, ನೀವೇ ಹೇಳ್ರೀ” ಎಂದು ಎರಡು ಸಲ ತಿವಿದ ಮೇಲೆ ಅಂಗಡಿಯವರು ಬಾಯಿ ಬಿಟ್ಟರು. “ಮೇಡಂ, ನಂಗೆ ಗೊತ್ತಿಲ್ದೇ ಇರೋದು ಏನೂ ಇಲ್ಲ. ದಿನಾ ನಾಲ್ಕು ಜನಕ್ಕೆ ವಾಕಿಂಗ್ ಮಾಡಿ ಅಂತ ನಾನೇ ಹೇಳ್ತೀನಿ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಮನಸ್ಸೇ ಬರ್ತಿಲ್ಲ.”

ಹಿಂದೆ ಮಾಡಿದ ಪ್ರಯತ್ನಗಳು ಬೆಂಗಳೂರಿನ ಯಾವ ಮಧ್ಯವಯಸ್ಕರನ್ನು ಕೇಳಿದರೂ ಸಿಗುವಂಥವೇ. ಹೊಸ ವರ್ಷದಲ್ಲಿ ಜಿಮ್‌ಗೆ ವರ್ಷದ ಹಣ ಕಟ್ಟಿದ್ದು, ತಿಂಗಳೂ ಹೋಗದೆ ಬಿಟ್ಟಿದ್ದು. ಯೂಟ್ಯೂಬ್ ನೋಡಿ ಕೀಟೋ ಮಾಡಿದ್ದು, ಆರು ಕೆಜಿ ಇಳಿದು ಏಳು ಏರಿದ್ದು. ಪರಿಚಯದವರು ಮಾರಿದ ಶೇಕ್ ಪುಡಿ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಸ್ಪರ್ಧೆ, ಅದರಲ್ಲಿ ಪಟ್ಟಿಯ ಕೆಳಗೆ ತಮ್ಮ ಹೆಸರು ನೋಡಿ ಗುಂಪನ್ನೇ ಮ್ಯೂಟ್ ಮಾಡಿದ್ದು. ಅಂದ ಹಾಗೆ ಈ ಹತ್ತು ಸಾವಿರದ ಲೆಕ್ಕ ಯಾವ ವೈದ್ಯರೂ ಕೊಟ್ಟಿದ್ದಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹರಡಿದ್ದು. ಇದನ್ನು ಕೇಳಿ ಅವರು ಆ ದಿನ ಮೊದಲ ಸಲ ನಕ್ಕರು.

ನನ್ನ ಗಮನ ಸೆಳೆದದ್ದು ಬೇರೆ ವಿಷಯ. ಗ್ಲೂಕೋಮೀಟರ್, ಸ್ಟ್ರಿಪ್ ಎಲ್ಲ ಅವರ ಕೌಂಟರ್ ಮೇಲೇ ಇದ್ದವು. ಆದರೂ ಮೂರು ವರ್ಷದಿಂದ ಒಂದೇ ಒಂದು ಸಲ ತಮ್ಮ ಬೆರಳು ಚುಚ್ಚಿಕೊಂಡಿರಲಿಲ್ಲ. ವೈದ್ಯರು ಬರೆದುಕೊಟ್ಟು ಒತ್ತಾಯ ಮಾಡಿದ ಮೇಲೆ ಲ್ಯಾಬಿಗೆ ರಕ್ತ ಕೊಟ್ಟಿದ್ದರು. ರಿಪೋರ್ಟಿನ ಕವರ್ ತಂದಿದ್ದರು, ಒಡೆದಿರಲಿಲ್ಲ. ಹೆಂಡತಿ ಒಡೆಯಲು ಕೈ ಹಾಕಿದಾಗ ಇವರ ಮುಖ ಬಿಗಿಯಿತು. ಮನಸ್ಸು ಬರುತ್ತಿಲ್ಲ ಎಂದು ಅವರು ಹೇಳುತ್ತಿದ್ದುದು ಸೋಮಾರಿತನ ಅಲ್ಲ ಎಂದು ಆಗಲೇ ಅನ್ನಿಸಿತು. ಭಯ ತೀರಾ ಜಾಸ್ತಿಯಾದಾಗ ಮನುಷ್ಯ ಕೆಲಸ ಮಾಡುವುದಿಲ್ಲ, ಆ ಕಡೆ ನೋಡುವುದನ್ನೇ ಬಿಡುತ್ತಾನೆ. “ಈಗ ತೆಗೆಯೋಣವೋ, ಮುಂದಿನ ಸಲವೋ? ನೀವು ಹೇಳಿದ ಹಾಗೆ” ಎಂದೆ. ಮುಂದಿನ ಸಲ ಅಂದರು. ಕವರ್ ಹಾಗೇ ಫೈಲಿಗೆ ಹೋಯಿತು. ಹೆಂಡತಿಗೆ ಇದು ಹಿಡಿಸಲಿಲ್ಲ.

ಎರಡು ಅಂಕಿ, ಒಂದು ಪ್ರಶ್ನೆ

ಅದೇ ದಿನ ಎರಡು ಪ್ರಶ್ನೆ ಕೇಳಿದೆ. ತೂಕ ಇಳಿಸುವುದು ನಿಮಗೆ ಎಷ್ಟು ಮುಖ್ಯ, ಸೊನ್ನೆಯಿಂದ ಹತ್ತರಲ್ಲಿ ಹೇಳಿ. “ಎಂಟು.” ಮಾಡಬಲ್ಲೆ ಅನ್ನುವ ಧೈರ್ಯ? “ಮೂರು.” ಇದು ಅಮೆರಿಕದ ವಿಲಿಯಂ ಮಿಲ್ಲರ್ 1980ರ ದಶಕದಲ್ಲಿ, ಮೊದಲು ಕುಡಿತ ಬಿಡಿಸುವ ಕೆಲಸದಲ್ಲಿ ಶುರು ಮಾಡಿ, ಆಮೇಲೆ ಸ್ಟೀಫನ್ ರಾಲ್ನಿಕ್ ಜೊತೆ ಬೆಳೆಸಿದ ಸಂದರ್ಶನ ಪದ್ಧತಿಯಲ್ಲಿ ಬಳಸುವ ಅಳತೆ. ಇದರ ಜೀವ ಇರುವುದು ಮುಂದಿನ ಪ್ರಶ್ನೆಯಲ್ಲಿ. ಮೂರೇ ಯಾಕೆ, ಎಂಟು ಯಾಕಲ್ಲ ಎಂದು ಕೇಳಿದರೆ ಜನ ತಮ್ಮ ಸೋಲುಗಳ ಪಟ್ಟಿ ಕೊಡುತ್ತಾರೆ. ನಾವು ಉಲ್ಟಾ ಕೇಳಬೇಕು. ಮೂರು ಯಾಕೆ, ಸೊನ್ನೆ ಯಾಕಲ್ಲ?

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ವರ್ಷಾ ವರ್ಷಾ ಮಾಲೆ ಹಾಕ್ತೀನಲ್ಲ ಮೇಡಂ. 41 ದಿನ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ತಣ್ಣೀರು ಸ್ನಾನ. ಬರಿಗಾಲು. ಚಾಪೆ ಮೇಲೆ ನಿದ್ದೆ. ಆಗ ಒಂದು ದಿನಾನೂ ತಪ್ಪಿಲ್ಲ.”

ಅಯ್ಯಪ್ಪ ವ್ರತದ ವಿಷಯ. ಮನಸ್ಸೇ ಇಲ್ಲ ಅನ್ನುವ ಇದೇ ಮನುಷ್ಯ ವರ್ಷದಲ್ಲಿ ಆರು ವಾರ ಬಡಾವಣೆಯಲ್ಲೇ ಅತ್ಯಂತ ಶಿಸ್ತಿನವರು. ಆಗ ಏನು ಬೇರೆ ಇರುತ್ತದೆ ಎಂದು ಕೂಲಂಕಷವಾಗಿ ಕೇಳಿದೆ. ನಿಯಮ ಸ್ಪಷ್ಟ, ಪ್ರತಿ ಸಲ ಯೋಚಿಸುವ ಹಾಗಿಲ್ಲ. ಕಪ್ಪು ಬಟ್ಟೆ, ಕೊರಳಲ್ಲಿ ಮಾಲೆ ಕಂಡರೆ ಯಾರೂ ಬಲವಂತ ಮಾಡುವುದಿಲ್ಲ; ದರ್ಶಿನಿಯವರೂ “ಸ್ವಾಮಿ” ಎಂದು ಕರೆದು ಸುಮ್ಮನಾಗುತ್ತಾರೆ. ಗುರುಸ್ವಾಮಿ ಇದ್ದಾರೆ, ಗುಂಪು ಇದೆ. ಕೊನೆಗೊಂದು ಯಾತ್ರೆ ಇದೆ. ಮತ್ತೆ, ಇದು ಅವರೇ ಹೇಳಿದ್ದು, “ಅಲ್ಲಿ ಯಾರೂ ನನ್ನ ತೂಕ ನೋಡಲ್ಲ.”

ಎರಡನೇ ಭೇಟಿಗೆ ಒಬ್ಬರೇ ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ “ಆ ಕವರ್ ಕೊಡಿ” ಅಂದರು. ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಅಂಕಿ, 6.2. ಅಂದರೆ 5.7ರಿಂದ 6.4ರ ನಡುವಿನ ಪಟ್ಟಿ. ಸಕ್ಕರೆ ಕಾಯಿಲೆಯ ಹೊಸ್ತಿಲು, ಒಳಗಲ್ಲ. ಅವರು ಎಂಟು ಇರಬಹುದು ಎಂದುಕೊಂಡು ಮೂರು ವರ್ಷ ಕಳೆದಿದ್ದರು. ಎರಡು ಸಲ ಓದಿದರು. ಉಸಿರು ಬಿಟ್ಟರು.

ವೈದ್ಯರೂ ಆಗ ಜೊತೆಗಿದ್ದರು. ಔಷಧಿ ಮಾರುವವರಿಗೆ ಔಷಧಿಯ ಭಾಷೆಯಲ್ಲೇ ಹೇಳಿದರು. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಇಂಥದ್ದೇ ಹೊಸ್ತಿಲಲ್ಲಿದ್ದ ಜನರಿಗೆ ವಾರಕ್ಕೆ 150 ನಿಮಿಷ ನಡಿಗೆ, ತೂಕದಲ್ಲಿ ನೂರಕ್ಕೆ 7ರಷ್ಟು ಇಳಿಕೆ, ಇಷ್ಟೇ ಗುರಿ ಕೊಟ್ಟಿದ್ದರು. ಸಕ್ಕರೆ ಕಾಯಿಲೆಗೆ ಹೋಗುವವರ ಪ್ರಮಾಣ ಶೇಕಡಾ 58ರಷ್ಟು ತಗ್ಗಿತು. ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ತಗೊಂಡವರಲ್ಲಿ ಶೇಕಡಾ 31. ನಮ್ಮ ಚೆನ್ನೈನ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಾಭ ಇಷ್ಟು ದೊಡ್ಡದಿಲ್ಲ. ನಡಿಗೆ-ಊಟದ ಬದಲಾವಣೆಯಿಂದ ಶೇಕಡಾ 28.5, ಮೆಟ್‌ಫಾರ್ಮಿನ್‌ನಿಂದ 26.4. ಎರಡನ್ನೂ ಹೇಳಿದೆವು, ಉತ್ಪ್ರೇಕ್ಷೆ ಇವರ ಹತ್ತಿರ ನಡೆಯುವುದಿಲ್ಲ. ದಿನಾ ಡಬ್ಬಗಟ್ಟಲೆ ಆ ಮಾತ್ರೆ ಮಾರುವವರು ಅಂಕಿಗಳನ್ನು ಬಿಲ್ ಪುಸ್ತಕದ ಹಿಂದೆ ಬರೆದುಕೊಂಡರು. “88ಕ್ಕೆ ಏಳು ಪರ್ಸೆಂಟ್ ಅಂದ್ರೆ ಆರು ಕೆಜಿ ಚಿಲ್ಲರೆ. ಅಷ್ಟೇನಾ?”

ಹೊಸ ಇಂಜೆಕ್ಷನ್‌ಗಳ ಬಗ್ಗೆಯೂ ಕೇಳಿದರು. ವಾರಕ್ಕೊಮ್ಮೆ ಚುಚ್ಚಿಕೊಂಡು ತೂಕ ಇಳಿಸುವ ಟಿರ್ಜೆಪಟೈಡ್‌ನಂಥವು 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮೇಲೆ ಅವರ ಅಂಗಡಿಗೂ ವಿಚಾರಿಸುವವರು ಬರುತ್ತಿದ್ದಾರೆ. ವೈದ್ಯರು ಬೇಡ ಅನ್ನಲಿಲ್ಲ. ಆರು ತಿಂಗಳು ಹೀಗೆ ನೋಡಿ ಆಮೇಲೆ ಮಾತಾಡೋಣ ಎಂದರು.

ಮೊದಲ ಪ್ರಯತ್ನ: ಆರೋಗ್ಯಕ್ಕೊಂದು ವ್ರತ

ಯೋಜನೆ ಅವರದೇ. “ಅದೇ ಥರ 41 ದಿನ ಮಾಡ್ತೀನಿ. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಗಂಟೆ ನಡಿಗೆ. ಬೇಕರಿ, ಎಣ್ಣೆ ತಿಂಡಿ, ಸಕ್ಕರೆ ಬಂದ್. ರಾತ್ರಿ ಅನ್ನ ಬಂದ್.” ಇಷ್ಟು ಬಿಗಿಯಾದ ಯೋಜನೆ ನಾನಾಗಿ ಕೊಡುವುದಿಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಯಾರೂ ಹೇಳದೆ ಅವರ ಬಾಯಿಂದ ಬಂದ ಮೊದಲ ಯೋಜನೆ ಅದು. ತಡೆದಿದ್ದರೆ ಮತ್ತೆ “ಮೇಡಂ ಹೇಳಿದ ಹಾಗೆ” ಎಂಬ ಜಾಗಕ್ಕೇ ಹೋಗುತ್ತಿದ್ದರು. ವೈದ್ಯರು ಇಸಿಜಿ ನೋಡಿ ಒಪ್ಪಿದರು. ನಾನು ಒಂದೇ ಪ್ರಶ್ನೆ ಕೇಳಿದೆ. 42ನೇ ದಿನ ಏನು ಮಾಡುತ್ತೀರಿ? “ಅದನ್ನ ಆಮೇಲೆ ನೋಡೋಣ.”

ಮಾರ್ಚ್ ಎರಡನೇ ವಾರ ಶುರುವಾಯಿತು. ಕೌಂಟರ್ ಹಿಂದೆ ಕ್ಯಾಲೆಂಡರ್ ಅಂಟಿಸಿ ದಿನಾ ಗೆರೆ ಹೊಡೆದರು. ಒಂದು ದಿನವೂ ತಪ್ಪಲಿಲ್ಲ. ಏಪ್ರಿಲ್ ಕೊನೆಗೆ 83.5 ಕೆಜಿ. ಗಿರಾಕಿಗಳೆಲ್ಲ “ಏನ್ ಸಾರ್, ಇಳಿದುಬಿಟ್ಟಿದೀರ” ಅಂದರು.

42ನೇ ದಿನ ನೆಂಟರ ಗೃಹಪ್ರವೇಶ. ಹೋಳಿಗೆ, ಮೇಲೆ ತುಪ್ಪ. ಒಂದು ತಿಂದರು, ತಪ್ಪೇನಿಲ್ಲ. ಆಮೇಲೆ ಇನ್ನೆರಡು. ಮರುದಿನ ಬೆಳಿಗ್ಗೆ ಅಲಾರಂ ಹೊಡೆದಾಗ “ವ್ರತ ಮುಗೀತಲ್ಲ” ಅನ್ನಿಸಿತಂತೆ. ಮೇ ತಿಂಗಳ ಮದುವೆಗಳು, ಮಾವಿನಹಣ್ಣು, ಸಂಜೆಯ ಮಳೆ. ನನ್ನ ಫೋನ್ ಎತ್ತಲಿಲ್ಲ. ಮೆಸೇಜಿಗೆ ನೀಲಿ ಟಿಕ್ ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಜೂನ್‌ನಲ್ಲಿ ಮತ್ತೆ ಬಂದಾಗ 87.

ಇದು ಇವರೊಬ್ಬರ ಕಥೆ ಅಲ್ಲ. 1975ರಲ್ಲೇ ಪೀಟರ್ ಹರ್ಮನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಮಾಡಿದ್ದರು. ಡಯಟ್ ಮಾಡುವವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಂ ಮುಂದಿಟ್ಟರೆ, ಏನೂ ಕುಡಿಯದ ಡಯಟಿನವರಿಗಿಂತ ಜಾಸ್ತಿ ತಿಂದರು. ಹೇಗೂ ಕೆಟ್ಟಿತಲ್ಲ, ಇನ್ನೇನು ಎಂಬ ಲೆಕ್ಕ. ಇವರ ವಿಷಯದಲ್ಲಿ ಇನ್ನೊಂದು ತೊಡಕೂ ಸೇರಿತ್ತು. ವ್ರತಕ್ಕೆ ಕೊನೆ ಇದೆ. ಮಾಲೆ ತೆಗೆಯುವುದು ವ್ರತದ ಭಾಗವೇ, ಅದು ಸೋಲಲ್ಲ. ಹಾಗಾಗಿ ನಿಲ್ಲಿಸಿದ್ದು ಅವರಿಗೆ ತಪ್ಪು ಎಂದು ಕಾಣಲೇ ಇಲ್ಲ, ತೂಕ ಬಹುಪಾಲು ವಾಪಸ್ ಬರುವವರೆಗೆ.

ಜೂನ್ ತಿಂಗಳ ಮಾತು

ಈ ಭೇಟಿಯೇ ತಿರುವು ಎಂದು ನನ್ನ ಲೆಕ್ಕ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬೈಸಿಕೊಳ್ಳಲು ತಯಾರಾಗಿ ಬಂದಿದ್ದರು. ನಾನು ಎಷ್ಟು ಏರಿತು ಎಂದು ಕೇಳಲಿಲ್ಲ, ಯಾಕೆ ಬಂದಿರಿ ಎಂದು ಕೇಳಿದೆ. ಹೆಂಡತಿ ಕಳಿಸಿದರಾ? “ಇಲ್ಲ. ಅವಳಿಗೆ ಹೇಳೇ ಇಲ್ಲ.” ಆಮೇಲೆ ಅಲ್ಲಿವರೆಗೆ ಯಾರಿಗೂ ಹೇಳದ ವಿಷಯ ಹೇಳಿದರು. ಹೋದ ಜನವರಿಯಲ್ಲಿ ಶಬರಿಮಲೆಗೆ ಪಂಪೆಯಿಂದ ಮೇಲೆ ಹತ್ತುವಾಗ ನೀಲಿಮಲೆಯ ಏರಿನಲ್ಲೇ ಉಸಿರು ಸಾಲದಾಗಿತ್ತು. ಅಪ್ಪಾಚಿಮೇಡಿನ ಹತ್ತಿರ ಯಾತ್ರಿಕರಿಗೆ ಆಕ್ಸಿಜನ್ ಕೊಡುವ ಕೇಂದ್ರದಲ್ಲಿ ಕೂರಿಸಬೇಕಾಯಿತು. ಗುಂಪು ಮುಂದೆ ಹೋಯಿತು. ಅರವತ್ತು ದಾಟಿದ ಗುರುಸ್ವಾಮಿ ಇರುಮುಡಿ ತಲೆ ಮೇಲಿಟ್ಟುಕೊಂಡೇ ಪಕ್ಕದಲ್ಲಿ ಕಾದರು. “ಏನೂ ಅನ್ನಲಿಲ್ಲ ಮೇಡಂ ಅವರು. ಬೈದಿದ್ರೆ ವಾಸಿ ಇತ್ತು.”

ಮೊದಲು ಮಾಡಬೇಕಾದ ಕೆಲಸ ಮನಸ್ಸಿನದಲ್ಲ, ಎದೆಯದು. ಏರು ಹತ್ತುವಾಗ ಹಾಗೆ ಉಸಿರು ಕಟ್ಟಿದ್ದನ್ನು ಸುಮ್ನೆ ಬಿಡುವ ಹಾಗಿಲ್ಲ. ಅದೇ ವಾರ ಟ್ರೆಡ್‌ಮಿಲ್ ಪರೀಕ್ಷೆ, ಎಕೋ ಎರಡೂ ಆದವು. ತೊಂದರೆ ಕಾಣಲಿಲ್ಲ. ಬರೀ ದಮ್ಮು ಇಲ್ಲ, ಅಷ್ಟೇ.

ಆಮೇಲೆ ಗುರಿಯ ಮಾತು. ಅವರ ಬಾಯಿಂದ ಮೊದಲು ಬಂದದ್ದು, “ಆ ಕುರ್ಚಿ ಮೇಲೆ ಇನ್ನೊಂದ್ ಸಲ ಕೂರಬಾರದು.” ಇದರಲ್ಲಿ ನಾಚಿಕೆ ಇದೆ, ನಾಚಿಕೆಯನ್ನು ದಿನಾ ಬೆಳಿಗ್ಗೆ ನೆನೆಸಿಕೊಂಡು ಎದ್ದೇಳುವುದು ಕಷ್ಟ. ಏನು ಆಗಬಾರದು ಅನ್ನುವುದನ್ನು ಬಿಟ್ಟು ಏನು ಬೇಕು ಎಂದು ಹೇಳಿ ಅಂದೆ. ಸ್ವಲ್ಪ ಯೋಚಿಸಿ, “ಇರುಮುಡಿ ಹೊತ್ತು ಗುಂಪಿನ ಜೊತೆಗೇ ಹತ್ತಬೇಕು” ಅಂದರು. ಅಂದಿನಿಂದ ಫೈಲಿನ ಮೊದಲ ಸಾಲು ಇದಾಯಿತು. ಕೆಜಿ ಕೆಳಗೆ ಹೋಯಿತು.

ಗುರಿ ಸಿಕ್ಕಿತು. ಆದರೆ ಗುರಿಗೂ ಒಂದು ದಿನಾಂಕ ಇದೆ ಅಲ್ವಾ? ಜನವರಿ ಮುಗಿದ ಮೇಲೆ ಮತ್ತದೇ 42ನೇ ದಿನ. ಈ ಸಲ ಅವರೇ ಅದನ್ನು ಎತ್ತಿದರು. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದ ವಿಷಯ ಹೇಳಿದೆ. ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಜನರಿಗೆ 18 ದಿನದಿಂದ 254 ದಿನದವರೆಗೆ ಬೇಕೆಂದು ಲೆಕ್ಕ ಸಿಕ್ಕಿತ್ತು, ನಡುವಿನ ಅಂಕಿ 66. ನಮ್ಮ 41 ಅದರೊಳಗೆ ಎಲ್ಲೋ ಇದೆ, ಆದರೆ ಬಹಳ ಜನರಿಗೆ ಸಾಲದು. ಅವರಿಗೆ ಹಿಡಿಸಿದ್ದು ಇನ್ನೊಂದು ಮಾತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿ ಆಗಲಿಲ್ಲ. “ಅಂದ್ರೆ ಮುರಿದುಹೋಗಲ್ಲ?” ಎಂದು ಎರಡು ಸಲ ಕೇಳಿದರು. ವ್ರತದ ಲೆಕ್ಕದಲ್ಲಿ ಬೆಳೆದವರಿಗೆ ಇದು ಸಣ್ಣ ಸುದ್ದಿಯಲ್ಲ.

ಎರಡನೇ ಪ್ರಯತ್ನ

ನಿಯಮಗಳನ್ನು ಕಡಿಮೆ ಮಾಡಿದೆವು. ಕೆಟ್ಟ ದಿನದಲ್ಲೂ ಮಾಡಬಹುದಾದದ್ದು ಮಾತ್ರ ಇರಲಿ ಎಂಬ ಜರಡಿಯಲ್ಲಿ ಅವರ ಹಳೇ ಪಟ್ಟಿ ಹಾಕಿದಾಗ ಐದು ಗಂಟೆಯ ಅಲಾರಂ ಮೊದಲು ಬಿದ್ದುಹೋಯಿತು. ಹನ್ನೆರಡೂವರೆಗೆ ಮಲಗುವವರು ಐದಕ್ಕೆ ಏಳುವುದು ನಿದ್ದೆ ಕದಿಯುವ ಕೆಲಸ.

ಉಳಿದದ್ದು ಸ್ಕೂಟರ್. ಮನೆಯಿಂದ ಅಂಗಡಿಗೆ ಒಂದೂವರೆ ಕಿಲೋಮೀಟರ್. ಹಗಲು ಹೋಲ್‌ಸೇಲ್‌ನವರ ಹತ್ತಿರ ಹೋಗಲು ಗಾಡಿ ಬೇಕೇ ಬೇಕು. ಆದರೆ ರಾತ್ರಿ? “ಅಂಗಡಿ ಒಳಗೇ ನಿಲ್ಲಿಸಿ ಶಟರ್ ಎಳೆದರೆ?” ಎಂದು ಅವರೇ ಕೇಳಿದರು. ಗಾಡಿ ಅಂಗಡಿಯಲ್ಲಿದ್ದರೆ ರಾತ್ರಿ ನಡೆದೇ ಮನೆಗೆ, ಬೆಳಿಗ್ಗೆ ನಡೆದೇ ಅಂಗಡಿಗೆ. ಎರಡು ಸೇರಿ ದಿನಕ್ಕೆ ಹೆಚ್ಚುಕಮ್ಮಿ 40 ನಿಮಿಷ. ಆರು ದಿನಕ್ಕೆ 240. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಾರಕ್ಕೆ 150ರಿಂದ 300 ನಿಮಿಷ ಎಂದು ಹೇಳಿದೆ. ಜಿಮ್ಮೂ ಇಲ್ಲದೆ, ಪಾರ್ಕೂ ಇಲ್ಲದೆ ಅದರ ನಡುವೆ ಬಂದು ನಿಂತರು. ಮನಸ್ಸು ಇರಲಿ, ಇಲ್ಲದಿರಲಿ, ಮನೆಗೆ ಹೋಗಲೇಬೇಕಲ್ಲ! ಪ್ರೇರಣೆ ಬೇಕಾದ ಜಾಗಗಳನ್ನೇ ಕಡಿಮೆ ಮಾಡುವುದು, ಇಡೀ ಪ್ರಕರಣದಲ್ಲಿ ಅತಿ ಜಾಸ್ತಿ ಕೆಲಸ ಮಾಡಿದ್ದು ಇದೇ ಎಂದು ನಾನು ನಂಬಿದ್ದೇನೆ.

ಅಡ್ಡಿಗಳು ಬೆಂಗಳೂರಿನವೇ. ರಾತ್ರಿ ಹತ್ತರ ಮೇಲೆ ಒಳರಸ್ತೆಯಲ್ಲಿ ನಾಯಿಗಳು. ಎರಡನೇ ವಾರವೇ ಅಟ್ಟಿಸಿಕೊಂಡು ಬಂದವು. ದಾರಿ ಬದಲಿಸಿ ಮುಖ್ಯರಸ್ತೆ ಹಿಡಿದರು, ಸ್ವಲ್ಪ ಸುತ್ತು, ಆದರೆ ದೀಪ ಇದೆ, ಜನ ಇದ್ದಾರೆ. ಮಳೆಗೆ ಅಂಗಡಿಯಲ್ಲೊಂದು, ಮನೆಯಲ್ಲೊಂದು ಕೊಡೆ. ಫುಟ್‌ಪಾತ್ ಕಥೆ ಬಿಡಿ.

ಮಂಡಿಗೆ ಬಲ ಬೇಕು, ಹತ್ತುವುದು ಅಂದರೆ ತೊಡೆಯ ಕೆಲಸ. ಕ್ಲಿನಿಕ್ಕಿನ ಫಿಸಿಯೋ ಕುರ್ಚಿ ಹಿಡಿದು ಬಸ್ಕಿ ಹೇಳಿಕೊಟ್ಟರು. ಸ್ಕೂಲಲ್ಲಿ ಶಿಕ್ಷೆಗೆ ಹೊಡೆದದ್ದು ಬಿಟ್ಟರೆ ಮತ್ತೆ ಹೊಡೆದಿರಲಿಲ್ಲವಂತೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಹತ್ತು. ಜೊತೆಗೆ ಅಟ್ಟದ ಏಣಿಯನ್ನು ಹುಡುಗನಿಂದ ವಾಪಸ್ ಪಡೆದರು.

ಊಟದ ವಿಷಯಕ್ಕೆ ಹೆಂಡತಿಯನ್ನು ಕರೆಸಿದೆ. ಇದು ಸುಲಭ ಇರಲಿಲ್ಲ. ಪ್ರತಿ ಊಟದಲ್ಲೂ “ರೀ, ಇನ್ನೂ ಅನ್ನ ಬೇಕಾ?” ಎಂಬ ಪ್ರಶ್ನೆ ಬರುತ್ತಿತ್ತು, ಮನೆಯಲ್ಲಿ ಅರ್ಧ ತಿಂದು ಅಂಗಡಿಯಲ್ಲಿ ಬೋಂಡಾದಿಂದ ತುಂಬಿಸಿಕೊಳ್ಳುವುದು ಅವರ ಉತ್ತರವಾಗಿತ್ತು. ಹೆಂಡತಿ ಸಿಟ್ಟಾದರು. “ಮಾವನ್ನ ನೋಡಿಕೊಂಡಿದ್ದು ನಾನು ಮೇಡಂ. ಇವರಿಗೂ ಹಾಗಾದ್ರೆ?” ಎಂದು ಅತ್ತರು. ಇಬ್ಬರದೂ ಒಂದೇ ಭಯ, ಒಬ್ಬರು ಮಾತಾಡಿ ಕಳೆಯುತ್ತಿದ್ದರು, ಇನ್ನೊಬ್ಬರು ಬಾಯಿ ಮುಚ್ಚಿ. ಆ ದಿನ ತಟ್ಟೆಯ ಮುಂದೆ ತಟ್ಟೆಯ ಮಾತು ಬೇಡ ಎಂದು ಒಪ್ಪಿಕೊಂಡರು. ಹೇಳಲೇಬೇಕು ಅನ್ನಿಸಿದರೆ ಭಾನುವಾರ ಬೆಳಿಗ್ಗೆ ಕಾಫಿಗೆ.

ರಾತ್ರಿ ಹನ್ನೊಂದರ ದೊಡ್ಡ ಊಟವನ್ನು ಸಂಜೆಯ ಕಡೆಗೆ ತರುವುದು ಹೇಗೆ? ಎಂಟು ಗಂಟೆ ಅಂಗಡಿಯಲ್ಲಿ ತಲೆ ಎತ್ತಲಾಗದ ಹೊತ್ತು. ಹೆಂಡತಿಯೇ ದಾರಿ ಹುಡುಕಿದರು. ಸಂಜೆ ಐದಕ್ಕೆ ಬೋಂಡಾದ ಜಾಗದಲ್ಲಿ ಎರಡು ಚಪಾತಿ, ಪಲ್ಯ ಅಥವಾ ಮೊಳಕೆ ಹೆಸರುಕಾಳಿನ ಉಸಲಿ. ರಾತ್ರಿಗೆ ಸಣ್ಣ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ಬೋಂಡಾ ನಿಷೇಧ ಇಲ್ಲ. ಶನಿವಾರ ತಿನ್ನುತ್ತಾರೆ, ಹೇಳಿಯೇ ತಿನ್ನುತ್ತಾರೆ.

ಮನೆಯ ತೂಕದ ಮೆಷಿನ್ ಕ್ಲಿನಿಕ್ಕಿಗೆ ತಂದುಕೊಟ್ಟರು. ದಿನಾ ತೂಕ ನೋಡುವುದರಿಂದ ಬಹಳ ಜನರಿಗೆ ಅನುಕೂಲವೇ ಆಗುತ್ತದೆ. ಇವರಿಗೆ ಆಗುತ್ತಿರಲಿಲ್ಲ. ಉಪ್ಪು, ನೀರಿನ ವ್ಯತ್ಯಾಸಕ್ಕೇ ಒಂದು ಕೆಜಿ ಆಚೆ ಈಚೆ ಆಗುತ್ತದೆ. ಏರಿದ ದಿನ ಇವರು ಸಂಜೆಗೇ ಕೈಚೆಲ್ಲುತ್ತಿದ್ದರು. ತಿಂಗಳಿಗೊಮ್ಮೆ ಇಲ್ಲೇ ನೋಡುವುದು ಎಂದಾಯಿತು.

ಕೊನೆಯ ನಿಯಮ ವಾಪಸ್ ಬರುವುದರ ಬಗ್ಗೆ. ಒಂದು ದಿನ ತಪ್ಪಬಹುದು, ಎರಡನೇ ದಿನ ತಪ್ಪದ ಹಾಗೆ ನೋಡಿಕೊಳ್ಳಬೇಕು. ತಪ್ಪಿದ್ದಕ್ಕೆ ಪ್ರಾಯಶ್ಚಿತ್ತ ಇಲ್ಲ. ಮದುವೆ ಊಟದ ಮರುದಿನ ಉಪವಾಸ ಇಲ್ಲ, ಎರಡು ಪಟ್ಟು ನಡಿಗೆ ಇಲ್ಲ. ಇದನ್ನು ಒಪ್ಪಿಸಲು ಉಳಿದೆಲ್ಲಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು. ಪ್ರಾಯಶ್ಚಿತ್ತ ಇಲ್ಲದೆ ಹೇಗೆ ಸರಿಹೋಗುತ್ತದೆ ಎಂದು ಅವರಿಗೆ ನಿಜಕ್ಕೂ ಅರ್ಥವಾಗುತ್ತಿರಲಿಲ್ಲ.

ನಡೆದದ್ದು

ಜುಲೈನಲ್ಲಿ ಒಂದು ಕೆಜಿಯೂ ಇಳಿಯಲಿಲ್ಲ. ಹಳೇ ಲೆಕ್ಕದಲ್ಲಿ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಮೊದಲ ಸಾಲಿನಲ್ಲಿ ಕೆಜಿ ಇರಲಿಲ್ಲವಲ್ಲ. “ಅಟ್ಟಕ್ಕೆ ಎರಡು ಸಲ ಹತ್ತಿದ್ರೂ ಏದುಸಿರು ಬರಲಿಲ್ಲ” ಎಂಬ ವರದಿಯೊಂದಿಗೆ ಬಂದರು. ಗಣೇಶನ ಹಬ್ಬದ ಕಡುಬು, ಆಮೇಲೆ ಒಂದು ವಾರ ಜ್ವರ. ಜ್ವರದ ನಂತರ ಮೂರು ದಿನ ಸ್ಕೂಟರ್ ಮನೆಗೆ ಬಂತು. ನಾಲ್ಕನೇ ರಾತ್ರಿ ಅಂಗಡಿಯಲ್ಲೇ ಉಳಿಯಿತು. ನನ್ನ ಮಟ್ಟಿಗೆ ಇಡೀ ವರ್ಷದ ದೊಡ್ಡ ಗೆಲುವು ಅದು. ಯಾರೂ ನೋಡದ, ಚಪ್ಪಾಳೆ ಸಿಗದ ಗೆಲುವು.

ಅಕ್ಟೋಬರ್‌ನಲ್ಲಿ ತುಮಕೂರು ರಸ್ತೆಯಲ್ಲಿ ಹೋಗಿ ಶಿವಗಂಗೆ ಹತ್ತಿದರು, ಮಗನ ಜೊತೆ. ಪೂರ್ತಿ ತುದಿಗೆ ಹೋಗಲಿಲ್ಲ, ಒಳಕಲ್ಲು ತೀರ್ಥದವರೆಗೆ. ಆ ತಿಂಗಳು 82 ಕೆಜಿ.

ನವೆಂಬರ್‌ನಲ್ಲಿ ಮಾಲೆ ಹಾಕಿದಾಗ ನನಗೆ ಸ್ವಲ್ಪ ಆತಂಕ ಇತ್ತು. ಹಳೇ ಉತ್ಸಾಹ ಬಂದು ನಡಿಗೆಯನ್ನು ಎರಡು ಗಂಟೆಗೆ ಏರಿಸುವ ಮಾತಾಡಿದರು. ಕೊನೆಗೆ ಅವರೇ ಬೇಡ ಅಂದರು. ವ್ರತ ವ್ರತದ ಪಾಡಿಗೆ, ಸ್ಕೂಟರ್ ಸ್ಕೂಟರಿನ ಪಾಡಿಗೆ. ಮಾಲೆ ತೆಗೆದ ಮರುದಿನಕ್ಕೆ ಮಾತ್ರ ಒಂದು ಸಾಲು ಬರೆದಿಟ್ಟುಕೊಂಡರು: ‘ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟ ತಕ್ಷಣ ಚಪ್ಪಲಿ ಹಾಕಿ ನಡೆಯುವುದು.’ ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಕಟ್ಟಿಡುವ ಈ ವಿಧಾನವನ್ನು ಜರ್ಮನಿಯ ಪೀಟರ್ ಗೋಲ್ವಿಟ್ಜರ್ 1990ರ ದಶಕದಲ್ಲಿ ವಿವರಿಸಿದ್ದರು. ಬರೀ ‘ನಡೀತೀನಿ’ ಅನ್ನುವುದಕ್ಕಿಂತ ಇದು ಜಾಸ್ತಿ ನಿಲ್ಲುತ್ತದೆ.

ಜನವರಿಯಲ್ಲಿ ಹತ್ತಿದರು. ಗುಂಪಿನ ಜೊತೆಗೇ, ಕೊನೆಯ ಸಾಲಿನಲ್ಲಿ. ಎರಡು ಕಡೆ ನಿಂತು ನೀರು ಕುಡಿದರು. ವಾಪಸ್ ಬಂದ ಮೇಲೆ ನನಗೆ ಬಂದ ಮೆಸೇಜಿನಲ್ಲಿ ಬೆಟ್ಟದ ಸುದ್ದಿ ಇರಲಿಲ್ಲ. “ನಿನ್ನೆ ಮಾಲೆ ತೆಗೆದೆ. ಸ್ಕೂಟರ್ ಅಂಗಡೀಲೇ ಇದೆ” ಎಂದಿತ್ತು.

ಮಾರ್ಚ್‌ನ ಲೆಕ್ಕ: ತೂಕ 81.5, ಜನವರಿಗಿಂತ ಒಂದು ಕೆಜಿ ಜಾಸ್ತಿ. ಒಟ್ಟು ಇಳಿಕೆ ನೂರಕ್ಕೆ ಏಳರ ಸ್ವಲ್ಪ ಮೇಲೆ. ಸೊಂಟ 99. ಎಚ್‌ಬಿಎ1ಸಿ 5.8, ಇನ್ನೂ ಹೊಸ್ತಿಲಲ್ಲೇ, ಆದರೆ ಹೊರಗಿನ ಅಂಚಿನಲ್ಲಿ. ರಕ್ತದೊತ್ತಡ 128/82. ಇಂಜೆಕ್ಷನ್ ಮಾತು ಮತ್ತೆ ಬರಲಿಲ್ಲ. ಧೈರ್ಯದ ಅಂಕಿ ಮತ್ತೆ ಕೇಳಿದೆ. “ಏಳು. ಹತ್ತು ಅಂದ್ರೆ ಸುಳ್ಳಾಗತ್ತೆ.”

ಈ ಕೆಲಸದಲ್ಲಿರುವವರಿಗೆ

ಕೆಲವು ವಿಷಯ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು. ಮನಸ್ಸಿಲ್ಲ ಅನ್ನುವವರನ್ನು, ಹಾಗಾದರೆ ಎಲ್ಲಿ, ಯಾವಾಗ ಮನಸ್ಸು ಇರುತ್ತದೆ ಎಂದು ಕೇಳಿ. ರಂಜಾನ್ ಉಪವಾಸ, ಪಾದಯಾತ್ರೆ, ಮಗಳ ಪರೀಕ್ಷೆಗೆ ನಾಲ್ಕಕ್ಕೆ ಏಳುವುದು, ಏನಾದರೂ ಇದ್ದೇ ಇರುತ್ತದೆ. ಅಲ್ಲಿಂದ ಧೈರ್ಯ ತೆಗೆದುಕೊಳ್ಳಬಹುದು. ಅದರ ಅಚ್ಚನ್ನೇ ತಂದು ಕೂರಿಸುವುದು ಬೇರೆ ಮಾತು; ಕೊನೆ ಇರುವ ಶಿಸ್ತನ್ನು ಕೊನೆ ಇಲ್ಲದ ಕೆಲಸಕ್ಕೆ ಹಾಗೇ ಹೊಂದಿಸಲು ಆಗುವುದಿಲ್ಲ. ತೆರೆಯದ ರಿಪೋರ್ಟನ್ನು ನೀವು ತೆರೆಯಬೇಡಿ. ಮನೆಯವರನ್ನು ಕಾವಲುಗಾರರಾಗಿ ಕರೆಯಬೇಡಿ. ಇಲ್ಲಿ ಊಟದ ಅತಿ ಒಳ್ಳೆಯ ಉಪಾಯ ಬಂದದ್ದು ಹೆಂಡತಿಯಿಂದ, ಅದೂ ಕಾವಲು ಬಿಟ್ಟ ಮೇಲೆ. ಬಿಟ್ಟುಹೋದವರು ವಾಪಸ್ ಬಂದ ದಿನ ಮೊದಲು ತೂಕ ನೋಡಬೇಡಿ.

ಈ ಪ್ರಕರಣದಿಂದ ಹೇಳಲಾಗದ್ದೂ ಇದೆ. ಇವರಿಗೆ ಅಂಗಡಿ ಸ್ವಂತದ್ದು, ಮನೆ ನಡೆದು ಹೋಗುವಷ್ಟು ಹತ್ತಿರ, ಅಡುಗೆ ಮಾಡಿ ಕಳಿಸುವವರು ಇದ್ದಾರೆ. ಸಿಲ್ಕ್ ಬೋರ್ಡ್ ದಾಟಿ ದಿನಾ ಎರಡು ಗಂಟೆ ಕ್ಯಾಬಿನಲ್ಲಿ ಕೂರುವವರಿಗೆ ಸ್ಕೂಟರಿನ ಉಪಾಯ ಕೆಲಸಕ್ಕೆ ಬರುವುದಿಲ್ಲ.

ಉಳಿದಿರುವ ದೊಡ್ಡ ತೊಡಕು ನಿದ್ದೆ. ಈಗಲೂ ಮಲಗುವಾಗ ಹನ್ನೆರಡಾಗುತ್ತದೆ. ಅಂಗಡಿಯನ್ನು ಒಂಬತ್ತೂವರೆಗೆ ಮುಚ್ಚಿದರೆ ಎಷ್ಟು ವ್ಯಾಪಾರ ಕಮ್ಮಿಯಾಗುತ್ತದೆ ಎಂದು ಒಂದು ತಿಂಗಳ ಕೊನೇ ಅರ್ಧ ಗಂಟೆಯ ಬಿಲ್ಲುಗಳನ್ನು ಎತ್ತಿಡಲು ಹೇಳಿದ್ದೇನೆ. ಮುಂದಿನ ಭೇಟಿಗೆ ಆ ಬಿಲ್ಲುಗಳ ಜೊತೆ ಬರುತ್ತಾರೆ.